ಗವಿಯ ಆರನೆಯ ಪೀಪಾಯಿ

ಒಂದೂರಲ್ಲಿ ಒಂದು ಗುಡ್ಡವಿತ್ತಂತೆ. ಗುಡ್ಡದ ಹೊಟ್ಟೆಯಲ್ಲೊಂದು ಗವಿ, ಗವಿಯಲ್ಲೊಂದು ಹೊನ್ನಿನ ಕೊಪ್ಪರಿಗೆ. ಅಮಾವಾಸ್ಯೆಗೊಂದು ದೀಪ ಕಂಡರೆ ಕೊಪ್ಪರಿಗೆ ಸುಮ್ಮನಿರುತ್ತಿತ್ತು. ದೀಪ ತಪ್ಪಿದರೆ ಎದ್ದು ನಡೆದುಬಿಡುತ್ತಿತ್ತು. ಅಜ್ಜಿಯ ಈ ಕತೆ ಕೇಳಿ ಬೆಳೆದ ರೇಣುಕಾ ಈಗ ಹಿರೇಹಡಗಲಿ ಠಾಣೆಯ ಪೊಲೀಸ್ ಪೇದೆ. 2008ರ ಆಗಸ್ಟ್ 30ರ ಬೆಳಿಗ್ಗೆ ದ್ರಾಕ್ಷಿ ಬೆಳೆಗಾರ ಗುರುಸಂಗಪ್ಪ ಏದುಸಿರು ಬಿಡುತ್ತ ಬಂದು, "ಗವ್ಯಾಗಿನ ಪೀಪಾಯಿ ಹೋಗೈತ್ರಿ!" ಎಂದಾಗ ಅವಳಿಗೆ ಆ ಕೊಪ್ಪರಿಗೆಯೇ ನೆನಪಾಯಿತು.

"ಎಂಥ ಪೀಪಾಯಿ?" ಇನ್ಸ್‌ಪೆಕ್ಟರ್ ಕೊಟ್ರಸ್ವಾಮಿ ಕೇಳಿದರು.

"ವೈನ್ ಪೀಪಾಯ್ರಿ. ಲೈಸೆನ್ಸ್ ಐತಿ. ಬ್ಯಾಸಗ್ಯಾಗೂ ತಣ್ಣಗಿರೋ ಜಾಗ ಅಂತ ಗವ್ಯಾಗ ಆರು ಪೀಪಾಯಿ ಮಾಗಾಕ ಇಟ್ಟಿದ್ದೆ. ಸೋಮವಾರ ಬೆಂಗಳೂರಿನವ್ರು ರುಚಿ ನೋಡಾಕ ಬರ್ತಾರ. ಕಳುವಾಗಿದ್ದು ಎಲ್ಲಕ್ಕಿಂತ ಹಳೇದು. ಬಿಸಲಿಗೆ ಬಿತ್ತಂದ್ರ ಹುಳಿ ಹೊಡಿತೈತ್ರಿ, ನಾ ಮುಗದೆ."

"ಯಾರ ಮ್ಯಾಲೆ ಅನುಮಾನ?"

"ಹೊರಗಿನವ್ರು ಲಾರಿ ತಂದು ಒಯ್ದಾರ್ರಿ. ಇನ್ಯಾರು?"

ಎಫ್.ಐ.ಆರ್. ದಾಖಲಾಯಿತು. ಹತ್ತೂವರೆಗೆ ಗವಿಯಲ್ಲಿ ಪಂಚನಾಮೆ ಶುರುವಾಯಿತು. ಬೀಗವನ್ನು ಕಲ್ಲಿನಿಂದ ಒಡೆದಿದ್ದರು. ಒಳಗೆ ಐದು ಪೀಪಾಯಿ. ಆರನೆಯದರ ಜಾಗದಲ್ಲಿ ನೆಲ ತೊಳೆದು, ಅರಿಶಿನದ ಭಂಡಾರ ಚೆಲ್ಲಿ, ಎಣ್ಣೆ ತುಂಬಿದ ಹಣತೆ ಇಟ್ಟಿದ್ದರು. ಬತ್ತಿ ಹೊಸದು, ಹಚ್ಚಿರಲಿಲ್ಲ. ಹೊರಗೆ ಟೈರಿನ ಗುರುತೇ ಇಲ್ಲ. ಇಳಿಜಾರಿನ ತುಂಬ ಕುರಿಗಳ ಹೆಜ್ಜೆ.

"ಕಳ್ಳ ಹಣತಿ ಇಟ್ಟಾನ, ಹಚ್ಚಿಲ್ಲ. ಯಾಕ?" ಎಂದರು ಕೊಟ್ರಸ್ವಾಮಿ.

"ಇವತ್ತು ಅಮಾಸಿ ಸರ್. ಹಚ್ಚೋದು ಸಂಜಿಗೆ. ನಮ್ಮಜ್ಜಿ ಹೇಳ್ತಿದ್ಲು, ದೀಪ ತಪ್ಪಿದ್ರ ಕೊಪ್ಪರಿಗಿ..."

"ಕೊಪ್ಪರಿಗಿಗೆ ಕೋಳ ಹಾಕಾಕ ಬರಂಗಿಲ್ಲವಾ. ಕೈ ಇರೋವ್ರನ್ನ ತೋರ್ಸು."

ರೇಣುಕಾ ಆಗಲೇ ಕುರಿಹೆಜ್ಜೆಯ ಬೆನ್ನುಹತ್ತಿದ್ದಳು. ಅದು ಊರಂಚಿನ ಯರ್ರೆಪ್ಪನ ಕುರಿಹಟ್ಟಿಗೆ ಮುಟ್ಟಿತು. ಯರ್ರೆಪ್ಪ ಉಣ್ಣೆ ನೂಲುತ್ತಿದ್ದ. ಪಕ್ಕದಲ್ಲಿ ಅವನ ಮುದಿ ತಾಯಿ ಜಂಬಕ್ಕ. ಅಂಗಳದ ನಡುವೆ ಜೋಳ ತುಂಬುವ ನೆಲಮಾಳಿಗೆಯಂಥ ಹಗೇವು. ಅದರ ಬಾಯಿಗೆ ಚಪ್ಪಡಿ ಮುಚ್ಚಿ, ಹಸಿ ಸಗಣಿ ಮೆತ್ತಿ, ಐದು ಬೆರಳಿನಿಂದ ಭಂಡಾರ ಎಳೆದಿದ್ದರು.

"ಒಳಗೇನೈತಿ?" ಕೊಟ್ರಸ್ವಾಮಿ ಕೇಳಿದರು.

"ಏನಿಲ್ರಿ. ಖಾಲಿ."

"ಬಿಳಿಜ್ವಾಳ ಇನ್ನೂ ಬಿತ್ತೇ ಇಲ್ಲ. ಖಾಲಿ ಹಗೇವಿಗೆ ಭಂಡಾರ ಯಾಕ ಹಚ್ಚಿದಿ, ಯರ್ರೆಪ್ಪಣ್ಣ?" ಎಂದಳು ರೇಣುಕಾ.

ಜಂಬಕ್ಕನಿಗೆ ರೇಗಿತು. "ಇದೇನು ಕೇಳ್ತಿಯವ್ವ? ತುಂಬಿದ ಹಗೇವನ್ನ ಭಂಡಾರ ಇಲ್ದ ಯಾರಾದ್ರೂ ಬಿಡ್ತಾರೇನು?"

"ಯವ್ವಾ, ಸುಮ್ಕಿರಬೇ!" ಯರ್ರೆಪ್ಪ ಕಿರುಚಿದ.

ಚಪ್ಪಡಿ ಸರಿಸಿದರು. ಕತ್ತಲೊಳಗೆ, ಹುಲ್ಲಿನ ಹಾಸಿಗೆಯ ಮೇಲೆ ಪೀಪಾಯಿ ಕೂಸಿನಂತೆ ಮಲಗಿತ್ತು. ಗುರುಸಂಗಪ್ಪ ದಡಬಡಿಸಿ ಇಳಿದು ಅಂಗೈ ಒತ್ತಿದ. "ತಣ್ಣಗೈತ್ರಿ! ಗವ್ಯಾಗಿನಂಗ ತಣ್ಣಗೈತಿ!" ನಗುತ್ತಲೇ ಕಣ್ಣೊರೆಸಿಕೊಂಡ.

"ಹೆಂಗ ತಂದಿ?"

"ಇಳಿಜಾರ್ನಾಗ ಉಳ್ಳಿಸ್ಕೊಂತ ಬಂದೆ. ಗುರುತಿನ ಮ್ಯಾಲೆ ಕುರಿ ಹಾಯ್ಸಿದೆ. ಹಗ್ಗ ಕಟ್ಟಿ ಇಳಿಸಿದೆ."

"ಮಾರಾಕ?"

"ಥೂ! ಒಂದು ಹನಿ ಚೆಲ್ಲಿಲ್ರಿ. ನಮ್ಮವ್ವ ಸೊಸಿಯಾಗಿ ಬಂದಾಗಿಂದ ಅಮಾಸಿಗೆ ಅಲ್ಲಿ ದೀಪ ಹಚ್ಚತಿದ್ಲು. ಆ ಜಾಗದಾಗ ಈ ಪೀಪಾಯಿ ಕುಂತು ಎರಡು ವರ್ಷಾತು. ಬೀಗ ತಗಿರಿ ಅಂದ್ರ ಈ ಸಾವ್ಕಾರ್ರು ಪೀಪಾಯಿಗೆ ದೀಪದ ಮಸಿ ಹಿಡಿತೈತಿ ಅಂದ್ರು. ಈ ಅಮಾಸಿ ಹತ್ರ ಬಂದಂಗ ಅವ್ವ ಉಣ್ಣೋದ ಬಿಟ್ಲು."

ಗುರುಸಂಗಪ್ಪ ಪೀಪಾಯಿಯ ಮೇಲಿಂದ ಕೈ ತೆಗೆದ.

ಮಧ್ಯಾಹ್ನ ಮೂರೂವರೆಗೆ ಯರ್ರೆಪ್ಪನ ಬಂಧನವಾಯಿತು. ಜೀಪು ಹತ್ತುವಾಗ ತಿರುಗಿ ನೋಡಿದ. "ಸಂಜಿಗೆ ನಮ್ಮವ್ವನ್ನ ಗುಡ್ಡ ಯಾರು ಹತ್ತಸ್ತಾರ್ರಿ?"

"ನಾನು," ಎಂದಳು ರೇಣುಕಾ. ಇನ್ಸ್‌ಪೆಕ್ಟರ್ ಕೇಳಿಸದವರಂತೆ ಜೀಪಿನ ಬಾಗಿಲು ಹಾಕಿಕೊಂಡರು.

ಮುಚ್ಚಳಿಕೆ ಬರೆಸಿಕೊಂಡು ಪೀಪಾಯಿಯನ್ನು ಗುರುಸಂಗಪ್ಪನ ಸುಪರ್ದಿಗೆ ಕೊಟ್ಟಿದ್ದರು. ಸಂಜೆ ಗವಿಯಲ್ಲಿ ಅವನು ಅದನ್ನು ಹಳೆಯ ಜಾಗಕ್ಕೆ ಉರುಳಿಸಲಿಲ್ಲ, ಆಚೆ ಗೋಡೆಗೆ ಒರಗಿಸಿದ. ಮೊದಲಿನ ಹಣತೆ ಜಪ್ತಿಯಾಗಿತ್ತು; ಜಂಬಕ್ಕ ಸೆರಗಿನಿಂದ ಇನ್ನೊಂದನ್ನು ತೆಗೆದಳು. ಅವಳು ಗೀರಿದ ಕಡ್ಡಿ ಎರಡು ಸಲ ಆರಿತು. ಮೂರನೆಯ ಸಲ ಗಾಳಿಗೆ ರೇಣುಕಾ ಅಂಗೈ ಅಡ್ಡ ಹಿಡಿದಳು.

ಬತ್ತಿ ಹತ್ತಿಕೊಂಡಿತು.