ಮೊದಲು ಹತ್ತಿದವರು

"ಮೀನ ಹಿಡಿಯಾಕ ಬೇಕಂದ್ರ ಒಯ್ರಿ, ಮಾಸ್ತರ. ಹೆಂಡ್ತಿ ಮಕ್ಕಳನ್ನ ಕುಂಡರಸಾಕ ಅಂದ್ರ ಇದು ಬ್ಯಾಡ," ಎಂದಳು ದೋಣಿಯ ಒಡತಿ, ಮುದುಕಿ ಕೆಂಚವ್ವ.

ಗಂಗಪ್ಪ ಮಾಸ್ತರ ನಕ್ಕುಬಿಟ್ಟ. ಏಳನೇ ಇಯತ್ತೆಗೆ ವಿಜ್ಞಾನ ಕಲಿಸುವವನು, ದೆವ್ವ-ಮಾಟ ಎಂದವರ ಬಾಯಿ ಮುಚ್ಚಿಸುವುದರಲ್ಲಿ ಪಳಗಿದವನು. ಎಂಬತ್ತಮೂರನೇ ಇಸವಿಯಲ್ಲಿ ತಿರ್ಲಾಪುರದಿಂದ ದುಮ್ಮವಾಡಕ್ಕೆ ವರ್ಗವಾಗಿ ಬಂದಿದ್ದ. ಎರೆನೆಲದಲ್ಲಿ ಬೆಳೆದ ಅವನಿಗೆ ಊರ ಕೆರೆಯ ನೀರು ಕಂಡು ಹುಚ್ಚೇ ಹಿಡಿದಿತ್ತು. ಹಿಂದಿನ ವರ್ಷ ಎಂಟು ದಿನದ ಗಂಡುಕೂಸು ತೀರಿಕೊಂಡಾಗಿನಿಂದ ಹೆಂಡತಿ ಸಣ್ಣವ್ವನ ಮುಖದಲ್ಲಿ ನಗುವಿರಲಿಲ್ಲ. ಒಂದು ಸಂಜೆ ದಂಡೆಯಲ್ಲಿ ಕೂತು, ನಡುನೀರಿನಲ್ಲಿ ಹೇಗಿರುತ್ತದೋ ಎಂದಿದ್ದಳು, ಅಷ್ಟೇ. ಅಂದಿನಿಂದ ಅವನಿಗೆ ದೋಣಿಯದೇ ಧ್ಯಾನ. ಶನಿವಾರ ಮಧ್ಯಾಹ್ನ ಮೀನು ಹಿಡಿಯಲಿಕ್ಕೂ ಆಗಬೇಕು, ರವಿವಾರ ಹೆಂಡತಿ ಮಗಳನ್ನು ಸುತ್ತಾಡಿಸಲಿಕ್ಕೂ ಆಗಬೇಕು.

ಮೀನುಗಾರ ಉಡಚಪ್ಪ ಮೂರು ತೋರಿಸಿದ. ಹರಿಗೋಲು ಬಲೆಗೆ ಹಗುರ, ಆದರೆ ಗರಗರ ತಿರುಗುತ್ತದೆ, ಮಗಳಿಗೆ ತಲೆ ಸುತ್ತೀತು. ಉದ್ದನೆಯ ದೋಣಿ ಒಬ್ಬರು ಎದ್ದು ನಿಂತರೂ ವಾಲುತ್ತದೆ. ಮೂರನೆಯದು ಹುಣಸೆಮರದ ಕೆಳಗೆ ಬೋರಲು ಬಿದ್ದಿದ್ದ ಕೆಂಚವ್ವನ ದೋಣಿ. ಅಗಲ ತಳ, ಕೂರಲು ಎರಡು ಹಲಗೆ, ನಡುವೆ ಬಲೆಗೆ ಬೇಕಾದಷ್ಟು ಜಾಗ. ಹೇಳಿ ಮಾಡಿಸಿದಂತಿತ್ತು. ಮೂತಿಗೆ ಮಾತ್ರ ಏಳು ಮೊಳೆ ಹೊಡೆದು ಕರಿದಾರ ಸುತ್ತಿದ್ದರು.

ಮುದುಕಿ ಏನನ್ನೂ ಮುಚ್ಚಿಡಲಿಲ್ಲ. ಮೀನಿನ ಆಸೆಗೆ ಬಿದ್ದು ಅವಳ ಗಂಡನೇ ಮಾಟ ಮಾಡಿಸಿದ್ದ. ಬಲೆ ಎಂದೂ ಬರಿದಾಗುವುದಿಲ್ಲ. ಬದಲಿಗೆ ಪ್ರತಿ ಸಲವೂ ದೋಣಿಗೆ ಬಿದ್ದ ಮೊದಲ ಮೀನನ್ನು ನೀರಿಗೇ ಹೊಳ್ಳಿ ಬಿಡಬೇಕು. ಬಲೆಯಿಲ್ಲದೆ ನೀರಿಗಿಳಿದರೆ ಬಿಡಲು ಮೀನೆಲ್ಲಿಂದ ಬರಬೇಕು? ಆಗ ದೋಣಿ ಮೊದಲು ಹತ್ತಿದ ಜೀವವನ್ನೇ ಕೇಳುತ್ತದೆ. ಆಚೆ ದಂಡೆಯ ಮದುವೆಗೆಂದು ಬಲೆಯಿಲ್ಲದೆ ಹೊರಟ ಅವಳ ಗಂಡ ಹೊಳ್ಳಿ ಬರಲೇ ಇಲ್ಲ. ಈ ಕತೆಯನ್ನು ಮಾಸ್ತರ ಮನೆಯಲ್ಲಿ ನಗೆಚಾಟಿಕೆ ಮಾಡಿ ಹೇಳಿದ. ಸಣ್ಣವ್ವ ನಗಲಿಲ್ಲ.

ದೋಣಿ ಕೊಂಡ ಮೇಲೆ ಎರಡು ಶನಿವಾರ ಮೀನು ಧಂಡಿಯಾಗಿ ಸಿಕ್ಕಿತು. ಜೊತೆಗೆ ಬಂದ ಉಡಚಪ್ಪ ಮೊದಲ ಮೀನನ್ನು ಕೈಮುಗಿದು ನೀರಿಗೆ ಬಿಟ್ಟಾಗ ಮಾಸ್ತರ ಅವನನ್ನು ಕಾಡಿಸಿದ್ದೇ ಕಾಡಿಸಿದ್ದು. ರವಿವಾರ ಬಂತು. ಬಲೆಯನ್ನಾದರೂ ಒಳಗಿಟ್ಟುಕೊಳ್ಳಿರಿ ಎಂದು ಉಡಚಪ್ಪ ಗೋಗರೆದ. ನಾತಕ್ಕೆ ಸಣ್ಣವ್ವನಿಗೆ ವಾಕರಿಕೆ ಬಂದೀತೆಂದು ಮಾಸ್ತರ ಬಲೆಯನ್ನು ದಂಡೆಯಲ್ಲೇ ಬಿಟ್ಟು, ದೋಣಿಯನ್ನು ಸಬಕಾರದ ನೀರಿನಿಂದ ತಿಕ್ಕಿ ತೊಳೆದ.

ಏಳು ವರ್ಷದ ಮೈಲಾರವ್ವ ಎಲ್ಲರಿಗಿಂತ ಮೊದಲು ಜಿಗಿದು ಕೂತಳು. ಆಮೇಲೆ ಸಣ್ಣವ್ವ ಹತ್ತಿದಳು. ಕಡೆಗೆ ಹುಟ್ಟು ಹಿಡಿದು ಮಾಸ್ತರ.

ನಡುನೀರಿನಲ್ಲಿ ಸಣ್ಣವ್ವ ಕೈ ಇಳಿಬಿಟ್ಟು ಮಗಳಿಗೆ ನೀರು ಸಿಡಿಸಿದಳು. ಸಿಡಿಸಿ ನಕ್ಕಳು. ಒಂದು ವರ್ಷದ ಮೇಲೆ ಕೇಳಿದ ಆ ನಗೆಗೆ ಮಾಸ್ತರನ ಕಣ್ಣು ತುಂಬಿತು.

ಆಗಲೇ ಗಾಳಿ ನಿಂತದ್ದು. ದಂಡೆಯಲ್ಲಿ ಬಟ್ಟೆ ಒಗೆಯುವವರ ಸಪ್ಪಳ ಕೇಳದಾಯಿತು. ತೊಳೆದ ಹಲಗೆಗಳಿಂದ ಕೊಳೆತ ಮೀನಿನ ನಾತ ಎದ್ದಿತು. ಹುಟ್ಟು ಹಾಕಿದರೆ ದೋಣಿ ಕದಲದು. ತಳದ ಕೆಳಗೆ ಯಾರೋ ತಟ್ಟಿದರು. ಮತ್ತೆ ತಟ್ಟಿದರು. ಬಿರುಕಿಲ್ಲ. ಆದರೂ ಒಳಗೆ ನೀರು. ಕಪ್ಪು ನೀರು. ಅದು ಮಾಸ್ತರನ ಕಾಲು ಮುಟ್ಟಲಿಲ್ಲ. ಸಣ್ಣವ್ವನ ಕಾಲು ಮುಟ್ಟಲಿಲ್ಲ. ನೆಟ್ಟಗೆ ಮೈಲಾರವ್ವನ ಪಾದಕ್ಕೆ ಸುತ್ತಿಕೊಂಡಿತು. ಹುಡುಗಿ ಚೀರಿದಳು. ಮಾಸ್ತರ ಎತ್ತಿದ. ಬರಲಿಲ್ಲ. ಮೊಣಕಾಲಿಗೇರಿತು. ಸೊಂಟಕ್ಕೇರಿತು.

ಸಣ್ಣವ್ವ ಎದ್ದು ನಿಂತಳು.

"ಮೊದಲ ಹತ್ತಿದಾಕಿ ನಾನು," ಎಂದಳು ನೀರಿಗೆ. ಗಂಡನ ಕಡೆ ತಿರುಗಿದಳು. "ಹೌದಿಲ್ರಿ?"

ನೀರು ತಡೆಯಿತು. ಸಾಕ್ಷಿಗೆ ಕಾದಂತೆ ತಡೆಯಿತು. 'ಅಲ್ಲ, ಮೊದಲು ಹತ್ತಿದವನು ನಾನು' ಅನ್ನಬಹುದಿತ್ತು ಅವನು. ಬಾಯಿ ತೆರೆದದ್ದು ಅದಕ್ಕೇ ಇರಬೇಕು ಪಾಪ. ಆದರೆ ಜೀವದ ಹೆದರಿಕೆ ದೊಡ್ಡದು.

"ಹೌದು," ಎಂದ.

ಸಣ್ಣವ್ವ ಮಗಳ ಕೆನ್ನೆ ಸವರಿ ಅಂಚು ದಾಟಿದಳು. ಸಪ್ಪಳವಾಗಲಿಲ್ಲ. ದೋಣಿಯೊಳಗಿನ ನೀರು ಅವಳ ಹಿಂದೆಯೇ ಇಳಿದು ಹೋಯಿತು. ಗಾಳಿ ಬೀಸಿತು, ದೋಣಿ ತಾನಾಗಿ ದಂಡೆಯ ಕಡೆ ಹೊರಟಿತು.

ಊರವರು ಮೂರು ದಿನ ಹುಡುಕಿದರು. ಸೀರೆಯ ಚೂರೂ ಸಿಗಲಿಲ್ಲ. ಕಾಲು ಜಾರಿ ಬಿದ್ದಳೆಂದು ಮಾಸ್ತರ ಎಲ್ಲರಿಗೂ ಹೇಳಿದ, ಎಲ್ಲರೂ ನಂಬಿದರು. ನಾಲ್ಕನೆಯ ದಿನ ಬೆಳಿಗ್ಗೆ ಅವನು ಸಾಲಿಗೆ ಹೋಗುವ ಮಗಳ ತಲೆ ಬಾಚಲು ಕೂತ. ಎಂದೂ ಬಾಚಿದವನಲ್ಲ. ಬೈತಲೆ ಸೊಟ್ಟಗೆ ಬರುತ್ತಿತ್ತು, ಅಳಿಸಿ ಮತ್ತೆ ತೆಗೆಯುತ್ತಿದ್ದ.

"ಅಪ್ಪಾ," ಎಂದಳು ಮೈಲಾರವ್ವ, ಹೊರಳಿ ನೋಡದೆ. "ಮೊದಲ ಹತ್ತಿದಾಕಿ ನಾ ಅಲ್ಲನು? ನೀ ಯಾಕ ಹೌದ ಅಂದಿ?"