ಮುಚ್ಚಿದ ಲಕೋಟೆಯ ಆರು ವಾರ

"ಈ ತಟ್ಟೆಗಳನ್ನ ನೀವು ಎಣಿಸಬಾರದು."

ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದ ಪುಟ್ಟಿಯ ಎದುರು ಹೊಸದಾಗಿ ಕೆಲಸಕ್ಕೆ ಸೇರಿದವನು ನಿಂತಿದ್ದ. ಪ್ರಯೋಗಾಲಯಕ್ಕೆ ಬಂದು ವಾರವೂ ಆಗಿರಲಿಲ್ಲ, ಮಾತು ಕಡಿಮೆ ಅಂತ ಎಲ್ಲರೂ ಆಗಲೇ 'ಮೌನಿ' ಎಂದು ಹೆಸರಿಟ್ಟಿದ್ದರು. ಆ ಮೌನಿ ಬಾಯಿ ಬಿಟ್ಟಿದ್ದು ಇದಕ್ಕಾ?

"ಯಾಕೆ?" ಎಂದಳು.

"ಯಾವ ತಟ್ಟೆ ಯಾವುದು ಅಂತ ನಿಮಗೆ ಗೊತ್ತು. ನಿಮ್ಮ ಅಕ್ಕನಿಗೂ ಇದೇ ಕಾಯಿಲೆ. ನಿಮ್ಮ ಕಣ್ಣನ್ನ ನಂಬೋಕಾಗಲ್ಲ."

ಪುಟ್ಟಿ ಕೈಲಿದ್ದ ಪೆನ್ನು ಕೆಳಗಿಟ್ಟಳು. ಅಕ್ಕನ ವಿಷಯ ಎತ್ತಲು ಇವನ್ಯಾರು...

ಅಕ್ಕನ ಮೆದುಳಿನ ಗೆಡ್ಡೆಯನ್ನು ವೈದ್ಯರು ತೆಗೆದಿದ್ದರು. ಆದರೆ ಆ ಜಾತಿಯ ಗೆಡ್ಡೆಯ ಕೋಶಗಳು ಇದ್ದಲ್ಲಿ ಇರುವವಲ್ಲ, ಕತ್ತರಿ ತಲುಪದ ಕಡೆಗೆ ಒಂದೊಂದಾಗಿ ಜಾರಿಕೊಳ್ಳುತ್ತವೆ. ಅವಕ್ಕೆ ಕಾಲು ಕೊಡುವುದು ಒಂದು ಪ್ರೋಟೀನ್ ಎಂದು ಪುಟ್ಟಿಯ ಗುಮಾನಿ. ಆ ಕೋಶಗಳನ್ನು ಬೆಳೆಸಿದ ತಟ್ಟೆಗಳಲ್ಲಿ ಅರ್ಧದಷ್ಟರಲ್ಲಿ ಅದನ್ನು ತಡೆದು, ನಡುವೆ ಗೀರಿದ ಖಾಲಿ ಜಾಗಕ್ಕೆ ಎಷ್ಟು ಕೋಶ ದಾಟಿವೆ ಎಂದು ಎಣಿಸುವುದು ಅವಳ ಕೆಲಸ.

ಪ್ರಯೋಗಾಲಯದ ಮುಖ್ಯಸ್ಥೆಯೂ ಮೌನಿಯ ಮಾತಿಗೇ ತಲೆದೂಗಿದರು. ಇನ್ನು ಅವನೇ ಹೊಸ ತಟ್ಟೆಗಳನ್ನು ಸಿದ್ಧಮಾಡಿ ಬರೀ ಸಂಖ್ಯೆ ಅಂಟಿಸುವುದು. ಯಾವ ಸಂಖ್ಯೆ ಏನೆಂಬ ಪಟ್ಟಿ ಆರು ವಾರ ಮುಖ್ಯಸ್ಥೆಯ ಕಪಾಟಿನಲ್ಲಿ, ಲಕೋಟೆಯೊಳಗೆ ಇರುವುದು ಎಂದಾಯಿತು.

ಆ ಆರು ವಾರ ಅವನು ಅವಳ ಮುಖ ನೋಡಲಿಲ್ಲ. ತಟ್ಟೆ ತಂದಿಟ್ಟು ಗೋಡೆ ನೋಡುತ್ತ ಹೋಗಿಬಿಡುತ್ತಿದ್ದ. ಆದರೆ ಅವಳ ಓಲಾಡುವ ಕುರ್ಚಿ ಒಂದು ಬೆಳಗ್ಗೆ ತಾನಾಗಿ ಗಟ್ಟಿಯಾಗಿತ್ತು. ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಅವಳ ಪಾಲಿನ ಗಾಜಿನ ಪಾತ್ರೆಗಳನ್ನೆಲ್ಲ ಯಾರೋ ತೊಳೆದಿಟ್ಟಿದ್ದರು. ಆ ಯಾರೋ ಯಾರೆಂದು ಅವಳಿಗೆ ಗೊತ್ತಿತ್ತು, ಹಾಗಾಗಿ ಕೋಪ ಮಾಡಿಕೊಳ್ಳಲು ಹೋದರೆ ಅದೂ ನೆಟ್ಟಗೆ ಬರುತ್ತಿರಲಿಲ್ಲ. ಮುಖ ನೋಡಲಾರದಷ್ಟು ಬೇಡವಾದೆನಾ... ಎಂದು ಮರುಗುತ್ತಿದ್ದಳು, ಮರುಗಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಸಂಜೆ ಅಕ್ಕನ ಮುಂದೆ ಎಲ್ಲವನ್ನೂ ಕಕ್ಕಿದಳು. ಅಕ್ಕನ ಕೂದಲು ಹೋಗಿತ್ತು, ಕೀಟಲೆ ಹೋಗಿರಲಿಲ್ಲ.

"ಸರಿಯಾಗೇ ಹೇಳಿದಾನೆ. ನಾನು ಕತ್ತೆ ಥರ ಹಾಡಿದ್ರೂ ಚೆನ್ನಾಗಿದೆ ಅನ್ನೋಳು ನೀನು!" ಎಂದು ನಕ್ಕವಳು ತಂಗಿಯ ಕೈ ಹಿಡಿದಳು. "ನನಗೆ ಸಮಾಧಾನ ಬೇಡ ಕಣೇ, ನಿಜ ಬೇಕು. ಅವನು ನನ್ನ ಪರ ನಿಂತಿದಾನೆ."

ಮರುದಿನದಿಂದ ಪುಟ್ಟಿ ಪ್ರತಿ ತಟ್ಟೆಯನ್ನೂ ಎರಡೆರಡು ಸಲ ಎಣಿಸಿಯೇ ಬರೆದುಕೊಂಡಳು.

ಲಕೋಟೆ ತೆರೆದ ದಿನ ಮುಖ್ಯಸ್ಥೆ ಪಟ್ಟಿ ಓದುತ್ತ ಹೋದರು. ಕಡಿಮೆ ಕೋಶ ದಾಟಿದ್ದ ತಟ್ಟೆಗಳು ಹೆಚ್ಚುಕಡಿಮೆ ಎಲ್ಲವೂ ಪ್ರೋಟೀನ್ ತಡೆದವೇ ಆಗಿದ್ದವು. ಔಷಧಿಯಾಗಲು ವರ್ಷಗಳು ಬೇಕು, ಆದರೆ ಇದು ನಿಜ ಎಂದರು ಅವರು. ಎಲ್ಲರೂ ಚಪ್ಪಾಳೆ ತಟ್ಟುವಾಗ ಪುಟ್ಟಿ ಹೊರಗೆ ಕಿಟಕಿ ಹತ್ತಿರ ಹೋಗಿ ಅತ್ತಳು. ಸ್ವಲ್ಪ ಹೊತ್ತಿಗೆ ಮೌನಿಯೂ ಬಂದು ನಿಂತ.

"ಅಕ್ಕನಿಗೆ ಇದು ಸಿಗದೇ ಹೋಗಬಹುದು" ಎಂದಳು.

"ಗೊತ್ತು."

ಸುಳ್ಳು ಧೈರ್ಯ ಹೇಳಲಿಲ್ಲ ಅವನು. ತನ್ನ ಅಪ್ಪನ ಕಥೆ ಹೇಳಿದ. ಅಪ್ಪನಿಗೂ ಇದೇ ಕಾಯಿಲೆ. ಆಗ ಬೇರೆ ಕಡೆ ಇದೇ ಕೆಲಸದಲ್ಲಿದ್ದ ಅವನು, ಆಸೆಗಣ್ಣಿನಿಂದ ಎಣಿಸಿ, ಮದ್ದು ಸಿಕ್ಕೇಬಿಟ್ಟಿತು ಎಂದು ಅಪ್ಪನಿಗೆ ಹೇಳಿದ್ದ. ಬೇರೆಯವರು ಎಣಿಸಿದಾಗ ಏನೂ ಇರಲಿಲ್ಲ. ಅಪ್ಪ ಕೊನೆಯ ದಿನದವರೆಗೂ ಆ ಮದ್ದಿಗಾಗಿ ಕಾದಿದ್ದರು.

"ನಿಮಗೆ ಹಾಗಾಗಬಾರದು ಅಂತ..."

"ಅದಕ್ಕೆ ಮುಖಾನೂ ನೋಡಬಾರದಿತ್ತಾ?"

"ಪಟ್ಟಿ ನನಗೆ ಗೊತ್ತಿತ್ತಲ್ಲ. ನೋಡಿದ್ರೆ ಎಲ್ಲಾ ನನ್ನ ಮುಖದಲ್ಲೇ ಓದಿಬಿಡ್ತಿದ್ರಿ. ಜೊತೆಗೆ ಇನ್ನೊಂದು ವಿಷಯಾನೂ ಓದ್ತಿದ್ರಿ."

"ಇನ್ನೊಂದು ಅಂದ್ರೆ?"

"ನೀವಂದ್ರೆ ನನಗೆ ಪ್ರಾಣ ಅನ್ನೋದು."

ಪುಟ್ಟಿ ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ಎದೆ ಹಗುರಾಯಿತು.

"ಅಕ್ಕನಿಗೆ ಇದ್ದದ್ದು ಇದ್ದ ಹಾಗೇ ಹೇಳಬೇಕು. ಜೊತೆಗೆ ಬರ್ತೀರಾ?"

"ಬರ್ತೀನಿ."

"ಹಾಗಿದ್ರೆ ಗೋಡೆ ಬಿಟ್ಟು ಈ ಕಡೆ ನೋಡಿ."

ಅವನು ತಿರುಗಿ ನೋಡಿದ. ಅವಳೂ ನೋಡಿದಳು.

"ಓದಿದ್ರಾ?" ಎಂದ ಮೆಲ್ಲಗೆ.

"ಓದಿದೆ. ಇರಿ, ಇನ್ನೊಂದ್ಸಲ ಓದ್ತೀನಿ. ಎರಡು ಸಲ ನೋಡದೆ ನಾನು ಏನನ್ನೂ ಬರ್ಕೊಳಲ್ಲ."