ಸಂಘರತ್ನನ ಎಡಗೈ

ಪಲ್ಲವಿ ಮುಗಿದು ಚರಣಕ್ಕೆ ಬರುವಷ್ಟರಲ್ಲಿ ಸಂಘರತ್ನನ ಎಡಗೈ ಮತ್ತೆ ಕೀಬೋರ್ಡಿನ ಎಡತುದಿಯ ದಪ್ಪ ಸ್ವರಗಳ ಮೇಲೆ ಬಿತ್ತು. ಸ್ನೇಹಲ ಬೇಸ್ ಗಿಟಾರಿನ ತಂತಿಗಳನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು.

“ಯಾಕ ನಿಂದ್ರಿಸಿದ್ರಿ?” ಅವನು ತಲೆ ಎತ್ತಿದ.

“ನೀವ ನುಡಸಾಕತ್ತೀರಲ್ಲ. ಮತ್ತ ನಾ ಯಾಕ ನುಡಸ್ಲಿ?”

ಅವನು ತನ್ನ ಕೈಯನ್ನು ತಾನೇ ನೋಡಿಕೊಂಡ, ಅದು ಯಾವಾಗ ಅಲ್ಲಿಗೆ ಹೋಯಿತೋ ತನಗೇ ತಿಳಿಯದವನಂತೆ. “ಗೊತ್ತಾಗ್ಲಿಲ್ರಿ” ಅಂದು ಪೆಚ್ಚಾಗಿ ನಕ್ಕ. ಈ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಆ ನಗೆ ನೋಡಿದರೆ ಸಿಟ್ಟು ಇಳಿದುಬಿಡುತ್ತದೆ ಎಂಬ ಭಯಕ್ಕೇ ಅವನ ಕಡೆ ನೋಡದೆ ಗೋಡೆ ನೋಡಿದಳು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಬಸವಕಲ್ಯಾಣದ ಬುದ್ಧ ವಿಹಾರದ ಹಿಂದಿನ ಕೋಣೆಯಲ್ಲಿ, ಲಗ್ನಗಳಲ್ಲಿ ಹಾಡುವ ಅವರ ಗಾಯನ ಪಾರ್ಟಿಯ ತಾಲೀಮು ನಡೆಯುತ್ತದೆ. ಹಾಡುವವರು ಅಶೋಕಕುಮಾರ ಕಾಕಾ, ಪಾರ್ಟಿಯ ಯಜಮಾನರೂ ಅವರೇ. ಇಂಥ ಪಾರ್ಟಿಗಳಲ್ಲಿ ಬೇಸ್ ನುಡಿಸಲಿಕ್ಕೆ ಬೇರೆಯವರು ಇರುವುದು ಅಪರೂಪ. ಕೀಬೋರ್ಡಿನವನ ಬಲಗೈ ಹಾಡಿನ ಹಿಂದೆ ಓಡಿದರೆ, ಎಡಗೈ ಕೆಳಗಿನ ದಪ್ಪ ದನಿ ಹಿಡಿದುಕೊಂಡಿರುತ್ತದೆ. ಸಂಘರತ್ನನ ಎಡಗೈಯಂತೂ ಸುತ್ತಲ ಹಳ್ಳಿಗೆಲ್ಲ ಹೆಸರಾದದ್ದು. “ಇವನೊಬ್ಬನಾಗ ಇಬ್ರು ಕುಂತಾರ” ಅಂತ ಕಾಕಾ ಎಲ್ಲರ ಮುಂದೆಯೂ ಹೇಳುತ್ತಿದ್ದರು.

ಚಳಿಗಾಲದಲ್ಲಿ ಸ್ನೇಹಲ ಇಲ್ಲಿಗೆ ಬಂದಾಗ ಅವಳ ಬೆನ್ನ ಮೇಲಿದ್ದದ್ದು ಗಿಟಾರು. ಪಾರ್ಟಿಗೆ ಆಗಲೇ ಗಿಟಾರಿಗೆ ಮಚ್ಚೇಂದ್ರ ಇದ್ದ. ಇಬ್ಬರು ಗಿಟಾರಿನವರನ್ನು ಕಟ್ಟಿಕೊಂಡು ಏನು ಮಾಡಲಿ ಅಂದರು ಕಾಕಾ. ಅವಳು ಜೈ ಭೀಮ ಹೇಳಿ ಗೇಟಿನವರೆಗೆ ಹೋಗಿದ್ದಳು. ಹಿಂದೆ ಚಪ್ಪಲಿಯೂ ಇಲ್ಲದೆ ಓಡಿ ಬಂದವನು ಸಂಘರತ್ನ.

“ಬೇಸ್ ನುಡಸ್ತೀರೇನ್ರಿ? ಹಳೇದೊಂದು ಅಲಮಾರಿ ಮ್ಯಾಲ ಬಿದ್ದದ. ಗಿಟಾರ್ ಕಲ್ತವ್ರಿಗಿ ಲಗೂನ ಬರ್ತದ.”

“ಬೇಸ್ ನೀವ ನುಡಸ್ತೀರಲ್ಲ?”

“ನಿಮಗ ಬಿಟ್ಟುಕೊಡ್ತೀನಿ.”

ಅಷ್ಟು ಸಲೀಸಾಗಿ ಅಂದುಬಿಟ್ಟ, ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟ ಹಾಗೆ. ಸ್ನೇಹಲ ಅವನನ್ನು ಪ್ರೀತಿಸತೊಡಗಿದ್ದು ಆ ಒಂದು ಮಾತಿಗೆ. ಅದಕ್ಕೇ ಈಗ ಅವಳಿಗೆ ಇಷ್ಟು ಉರಿಯುತ್ತಿದ್ದದ್ದು.

“ಸಂಘ್ಯಾ, ಆ ಪೋರಿಗಿ ಜಾಗ ಬಿಡು” ಅಂದರು ಕಾಕಾ ಬೇಸತ್ತು. ಆಮೇಲೆ ಅವಳ ಕಡೆ ತಿರುಗಿ, “ಘಾಟಬೋರಾಳದ ಲಗ್ನದಾಗ ನೋಡ್ತೀನಿ ತಂಗಿ. ಬರಾಬರ್ ಆದ್ರ ನೀ ನಮ್ಮ ಪಾರ್ಟಿಯಾಕಿ. ಇಲ್ಲಂದ್ರ ಇವನ ಎಡಗೈ ಹೆಂಗೂ ಅದ” ಅಂದರು.

ಭಾನುವಾರ ಎಂದಿನಂತೆ ಅವಳು ಹುಮನಾಬಾದಿನ ಬಸ್ಸು ಹತ್ತಿದಳು. ಬೇಸ್ ಹಿಡಿದಳೆಂದು ಗಿಟಾರಿನ ಪಾಠ ಬಿಟ್ಟಿರಲಿಲ್ಲ. ಮೊಹಿನುದ್ದೀನ್ ಸರ್ ಅವರ ಕ್ಲಾಸು ಎಣ್ಣೆ ಅಂಗಡಿಯ ಮೇಲಿನ ಒಂದು ಕೋಣೆ. ಸರ್ ಅವಳ ಎಡಗೈ ಬೆರಳುಗಳನ್ನು ನೋಡಲಿಲ್ಲ, ಅಲ್ಲಿ ಗಿಟಾರಿನ ತಂತಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ ಹಳೆಯದು. ಅವರು ನೋಡಿದ್ದು ಬಲಗೈಯನ್ನು. ಎರಡು ಬೆರಳ ತುದಿಯಲ್ಲಿ ಹೊಸ ಬೊಬ್ಬೆ ಎದ್ದಿತ್ತು.

“ಇದು ಪಿಕ್ ಹಿಡಿದು ಮೀಟೋ ಕೈ. ಬೊಬ್ಬಿ ಹ್ಯಾಂಗ ಬಂತು ಬೇಟಿ?”

ಬೇಸ್ ಅಂತ ಅವಳು ಮೆಲ್ಲಗೆ ಹೇಳಿದಳು. ಮೊದಲು ಒಂದನ್ನು ಪೂರ್ತಿ ಕಲಿ ಅಂತ ಬೈಯುತ್ತಾರೆ ಅಂದುಕೊಂಡಿದ್ದಳು. ಸರ್ ಬೈಯಲಿಲ್ಲ. ಗಿಟಾರಿನ ದಪ್ಪ ತಂತಿಗಳ ಮೇಲೆಯೇ ಒಂದು ಹಾಡಿನ ಬೇಸ್ ನುಡಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿದರು.

“ಖಾಲಿ ಜಾಗ ಕಂಡ್ರ ತುಂಬಸಾಕತ್ತಿ. ಅದು ಗಿಟಾರಿನ ಆದತ್, ಹಳೇ ಚಟ. ಬೇಸ್ ಅಂದ್ರ ತೆಳಗಿನ ಗಿಟಾರ್ ಅಲ್ಲ, ಅದ್ರದ್ದು ಬ್ಯಾರೇನೇ ಕೆಲಸ ಅದ. ಢೋಲಕಿ ಕೇಳು. ಅದು ಕರದಾಗ ಹೋಗು, ಕರೀದಿದ್ರ ಸುಮ್ನ ನಿಂದ್ರು.”

“ನಿಂತ್ರ ಆ ಜಾಗಾದಾಗ ಅವರ ಕೈ ಬೀಳ್ತದ ಸರ್.”

ಯಾರ ಕೈ ಅಂತ ಕೇಳಿದರು. ಹೇಳಿದಳು. ಸರ್ ಗಡ್ಡ ನೀವಿಕೊಂಡು, “ನಿನ್ನ ಮ್ಯಾಲ ಭರೋಸಾ ಇಲ್ಲೇನು ಅವಗ?” ಅಂದರು. ಸುಮ್ಮನೆ ಕೇಳಿದ ಪ್ರಶ್ನೆ ಅದು. ವಾಪಸ್ ಬಸ್ಸಿನಲ್ಲಿ ಆ ಪ್ರಶ್ನೆ ಅವಳ ಪಕ್ಕದಲ್ಲೇ ಕುಳಿತು ಬಂತು. ಭರೋಸಾ ಇಲ್ಲ. ಕರೆದದ್ದು ಮರುಕಕ್ಕೆ. ಊರು ಬರುವಷ್ಟರಲ್ಲಿ ಅವಳಿಗೆ ಖಾತ್ರಿಯೇ ಆಗಿಹೋಗಿತ್ತು.

ಲಗ್ನದ ಹಿಂದಿನ ದಿನ ಅವಳು ಬೇಸನ್ನು ಚೀಲಸಮೇತ ಹೊತ್ತು ಸಂಘರತ್ನನ ಅಂಗಡಿಗೆ ಹೋದಳು. ಬೋರಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅದು. ಕೊಹಿನೂರ ಹಳ್ಳಿಯಿಂದ ದಿನಾ ಬಂದು ಅಲ್ಲಿ ಕೆಲಸ ಮಾಡುತ್ತಿದ್ದ. ಬಲಗೈ ಚಕ್ರ ತಿರುಗಿಸುತ್ತಿದ್ದರೆ ಎಡಗೈ ತಾಮ್ರದ ತಂತಿಯನ್ನು ನವಿರಾಗಿ ಹಿಡಿದು ದಾರಿ ತೋರಿಸುತ್ತಿತ್ತು. ಆ ಕೈ ಮೇಲೆ ಸಿಟ್ಟಿದ್ದರೂ ಅವಳು ಒಂದು ಗಳಿಗೆ ಅದನ್ನೇ ನೋಡುತ್ತ ನಿಂತಳು.

“ನಾಳಿ ನಾ ಬರಂಗಿಲ್ರಿ. ಇದು ತಗೋರಿ” ಅಂದಳು.

ಚಕ್ರ ನಿಂತಿತು. “ಯಾಕ್ರಿ?”

“ನನ್ನ ಮ್ಯಾಲ ಭರೋಸಾ ಇಲ್ಲಂದ್ರ ಅವತ್ತ ಗೇಟಿನಾಗ ಹೇಳ್ಬೇಕಿತ್ತು. ನಾ ಹೋಗ್ತಿದ್ದೆ.”

“ಭರೋಸಾ ನಿಮ್ಮ ಮ್ಯಾಲ ಇಲ್ಲಂತ ಯಾರಂದ್ರು?” ಸಂಘರತ್ನ ಕೈ ಒರೆಸಿಕೊಂಡು ಎದ್ದ. “ನನ್ನ ಬಲಗೈ ನುಡಸೋದು ಯಾರ ಬೇಕಾದ್ರೂ ನುಡಸ್ತಾರ. ಈ ಎಡಗೈ ಸಲುವಾಗಿ ಕಾಕಾ ನನ್ನ ಇಟ್ಕೊಂಡಾರ. ಇದೂ ನಿಮಗ ಕೊಟ್ಟುಬಿಟ್ರ ನಾ ಏನ್ ಉಳೀತೀನಿ? ದಿನಾ ಮುಂಜಾನೆ ಬಿಡ್ತೀನಿ ಅಂತ ಬರ್ತೀನಿ. ಹಾಡು ಸುರು ಆದ್ಮ್ಯಾಲ ಅಂಜಿಕಿ ಬರ್ತದ. ಕರದವ್ನೂ ನಾನ, ಜಾಗ ಬಿಡಲಾರದವ್ನೂ ನಾನ.”

“ಮತ್ತ ಕರದ್ರ್ಯಾಕ?”

ಅವನು ನೆಲ ನೋಡಿದ. ಕಿವಿ ಕೆಂಪಾದವು. “ನೀವು ಹೊಂಟಿದ್ರಿ. ಹೋಗಬಾರ್ದು ಅನ್ನಿಸ್ತು.”

ಸ್ನೇಹಲಳಿಗೆ ಖುಷಿಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಇಂಥ ಮಾತನ್ನು ಬಚ್ಚಿಟ್ಟುಕೊಂಡು ಇಷ್ಟು ದಿನ ತನ್ನ ಹಾಡು ಕೆಡಿಸಿದನಲ್ಲ! ಅವಳು ಚೀಲವನ್ನು ಮತ್ತೆ ಹೆಗಲಿಗೇರಿಸಿದಳು.

“ಅನ್ನಿಸಿದ್ರ ಸಾಲದ್ರಿ. ನಾಳಿ ಆ ಕೈ ಒಂದ ಸಲ ಬಿದ್ರೂ ಬೇಸ್ ಅಲ್ಲೇ ಇಳಿಸಿ ಬಸ್ ಹತ್ತೀನಿ. ಮತ್ತ ತಾಲೀಮಿಗಿ ಬರಂಗಿಲ್ಲ, ನಿಮ್ಮ ಮುಖಾನೂ ನೋಡಂಗಿಲ್ಲ.”

ಬಿಳಿ ಸೀರೆಯ ಮದುಮಗಳು, ಬಿಳಿ ಅಂಗಿಯ ಮದುಮಗ. ಘಾಟಬೋರಾಳದ ಪೆಂಡಾಲಿನಲ್ಲಿ ಮಧ್ಯಾಹ್ನದ ಬಿಸಿಲು ಬಟ್ಟೆಯನ್ನೂ ದಾಟಿ ಇಳಿಯುತ್ತಿತ್ತು. ಬುದ್ಧ ವಂದನೆ ಮುಗಿದು ಹಾಡು ಶುರುವಾದಾಗ ಸ್ನೇಹಲ ಓರೆಗಣ್ಣಿನಿಂದ ನೋಡಿದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಸಂಘರತ್ನ ತನ್ನ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. ನಗು ಬರಬೇಕಿತ್ತು. ಬರಲಿಲ್ಲ.

ಮೊದಲ ಹಾಡುಗಳು ಹೇಗೋ ದಾಟಿದವು. ಒಂಟಿ ಬಲಗೈಯಲ್ಲಿ ಅವನು ತಡವರಿಸುತ್ತಿದ್ದ, ಕಾಕಾ ಎರಡು ಸಲ ಅವನನ್ನು ಗುರಾಯಿಸಿದರು. ಹಾರ ಬದಲಿಸುವ ಹೊತ್ತಿಗೆ ಜನ ಚಪ್ಪಾಳೆ ತಟ್ಟಿ ಎದ್ದುನಿಂತರು. ಕಾಕಾ ಹುರುಪಿಗೆ ಬಿದ್ದು ಅದೇ ಸಾಲನ್ನು ಮತ್ತೆ ಮತ್ತೆ ತಿರುವಿ ಹಾಡತೊಡಗಿದರು. ಸ್ನೇಹಲಳ ಬೆರಳಿಗೂ ಆ ಹುರುಪು ಹತ್ತಿತು. ಖಾಲಿ ಜಾಗ ಕಂಡಿತು, ತುಂಬಿದಳು. ಇನ್ನೊಂದು ಕಂಡಿತು, ಅದನ್ನೂ ತುಂಬಲು ಓಡಿದಳು. ಬೆರಳು ತಂತಿಯ ಮೇಲೆ ಒಂದು ಮನೆ ಆಚೆ ಬಿತ್ತು, ತಾಳ ತಪ್ಪಿತು, ಅವಳು ನಿಂತೇಬಿಟ್ಟಳು.

ಹಾಡಿನ ಕೆಳಗೆ ಏನೂ ಉಳಿಯಲಿಲ್ಲ. ಕಾಕಾ ಹಾಡುತ್ತಲೇ ತಿರುಗಿದರು, ಅವಳ ಕಡೆಗಲ್ಲ. ಸಂಘರತ್ನನಿಗೆ ಕಣ್ಣಲ್ಲೇ ಅಪ್ಪಣೆ ಕೊಟ್ಟರು, ಹಿಡಿ.

ಎಡಗೈ ಹೊರಗೆ ಬಂತು. ದಪ್ಪ ಸ್ವರಗಳ ಮೇಲೆ ಬಂದು ಗಾಳಿಯಲ್ಲೇ ನಿಂತಿತು. ಮುಗಿಯಿತು ಅಂದುಕೊಂಡಳು. ಆಗ ಅವನು ಅವಳನ್ನು ನೋಡಿದ, ದಿಟ್ಟಿಸಿ. ಯಜಮಾನರ ಮಾತನ್ನು ಒಮ್ಮೆಯೂ ಮೀರದಿದ್ದವನು ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮತ್ತೆ ಅದರ ಮೇಲೆ ಕುಳಿತ.

ಅವಳು ಕಣ್ಣು ಮುಚ್ಚಿದಳು. ಢೋಲಕಿ ಕೇಳಿದಳು. ತಾಳದ ಒಂದು ಸುತ್ತು ಹೋಗಗೊಟ್ಟಳು. ಬೆರಳು ಎತ್ತಲಿಲ್ಲ. ಮುಂದಿನ ಸುತ್ತಿನಲ್ಲಿ ಢೋಲಕಿ ಕರೆದ ಜಾಗದಲ್ಲಿ ಒಂದೇ ಒಂದು ಸ್ವರ ಇಟ್ಟಳು. ಅದು ಗಟ್ಟಿಯಾಗಿ ನಿಂತಿತು. ಆಮೇಲೆ ಇನ್ನೊಂದು. ಹಾಡು ಮುಗಿಯುವವರೆಗೂ ಕಾಕಾ ಮತ್ತೆ ಹಿಂದೆ ತಿರುಗಲಿಲ್ಲ.

ಊಟದ ಹೊತ್ತಿನಲ್ಲಿ ಅವರು ಕೈ ತೊಳೆಯುತ್ತ ಅಂದರು: “ಸಂಘ್ಯಾ, ನನ್ನ ಮಾತು ಮೀರಿದಿ.” ಸಂಘರತ್ನ ಅವರ ಕೈಗೆ ಇನ್ನೊಂದು ತಂಬಿಗೆ ನೀರು ಹಾಕಿದ. “ಒಂದ ಕೈಲಿ ನುಡಸಿದ್ರ ನಿನ್ನದು ಬಾಳ ಸಪ್ಪ ಅದ. ಆ ಬಲಗೈ ಮೊದಲಿಂದ ಕಲಿ, ಇಲ್ಲಂದ್ರ ನಾ ಬ್ಯಾರೆಯವ್ರನ್ನ ನೋಡ್ಬೇಕಾಗ್ತದ.” ಆಮೇಲೆ ಸ್ನೇಹಲಳಿಗೆ, “ಒಂದು ಸುತ್ತು ಖಾಲಿ ಬಿಟ್ಟಿಯಲ್ಲ, ಅದು ಚಲೋ ಇತ್ತು. ಬುಧವಾರ ತಾಲೀಮು ಅದ, ಬಾ.”

ಅವಳಿಗೆ ಜಾಗ ಸಿಕ್ಕಿತ್ತು. ಅವನು ಅಂಜಿದ್ದು ನಿಜವಾಗಿತ್ತು, ಅವನ ಜಾಗವೇ ಈಗ ಅಲುಗಾಡುತ್ತಿತ್ತು. ಜಾಗ ಸಿಕ್ಕ ಖುಷಿ ಅವಳಿಗೆ ಪೂರ್ತಿ ದಕ್ಕಲಿಲ್ಲ.

ಪೆಂಡಾಲಿನ ಹಿಂದೆ ಬೇವಿನ ಮರದ ಕೆಳಗೆ ಅವನು ಒಬ್ಬನೇ ನಿಂತಿದ್ದ. ಎಡಗೈಯನ್ನು ಬಿಡಿಸಿ ಮುಚ್ಚಿ ಮಾಡುತ್ತಿದ್ದ. ಅವಳು ಹತ್ತಿರ ಹೋಗಿ ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಅಂಗೈ ತುಂಬ ಕುರ್ಚಿಯ ತೂತುಗಳ ಅಚ್ಚು ಸಾಲು ಸಾಲಾಗಿ ಮೂಡಿತ್ತು.

“ಬ್ಯಾನಿ ಆಗ್ತದೇನು?”

“ಜೋಮು ಹಿಡದದ.” ಆಮೇಲೆ ಅಂದ, “ಸ್ನೇಹಲ, ಬುಧವಾರ ಮತ್ತ ಬಿದ್ರೂ ಬೀಳಬಹುದು ಇದು. ನನಗ ಗ್ಯಾರಂಟಿ ಇಲ್ಲ.”

“ಅದಕ್ಕೂ ಒಂದು ಜಾಗ ಬೇಕಲ್ಲ” ಅಂದಳು ಅವಳು. “ಇಲ್ಲಿಡು.”

ಬೊಬ್ಬೆಯೆದ್ದ ಬೆರಳುಗಳನ್ನು ಅವನ ಬೆರಳುಗಳ ನಡುವೆ ಸೇರಿಸಿ ಮುಚ್ಚಿದಳು. ಉರಿಯಿತು, ಉರಿಯಲಿ ಅಂದುಕೊಂಡಳು. ಆಚೆ ಟೆಂಪೋಗೆ ಸಾಮಾನು ಏರಿಸುತ್ತಿದ್ದ ಮಚ್ಚೇಂದ್ರ ಅವರಿಬ್ಬರ ಹೆಸರು ಹಿಡಿದು ಕೂಗುತ್ತಿದ್ದ.

“ಜೋಮು ಇಳೀತೇನು?” ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

“ಇನ್ನಾ ಇಲ್ಲ” ಅಂದ ಸಂಘರತ್ನ.

ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಅವನ ಬೆರಳುಗಳು ಆಗಲೇ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಅವಳು ಬಿಡಲಿಲ್ಲ.